ರತ್ನವ್ವ ಓದಬಲ್ಲ ಒಂದೇ ಇಂಗ್ಲಿಷ್ ಶಬ್ದ

ರತ್ನವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಇಂಗ್ಲಿಷಿನಲ್ಲಿ ಅವಳು ಓದಬಲ್ಲ ಶಬ್ದ ಒಂದೇ. ಸಿಡ್ನಿಯ ಲಿವರ್‌ಪೂಲಿನಲ್ಲಿ ವಿರುಪಾಕ್ಷನ ಕಿರಾಣಿ ಅಂಗಡಿಗೆ ಕೆಲಸಕ್ಕೆ ಸೇರಿದ ದಿನವೇ ಅವನು ಅದನ್ನು ತೋರಿಸಿಕೊಟ್ಟಿದ್ದ. ಹಿಂದಿನ ಕೋಣೆಯ ನೀಲಿ ಬುಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಎಕ್ಸ್‌ಪೈರ್ಡ್.

'ಪಾಕೀಟಿನ ಮ್ಯಾಲೆ ಇದರ ಮೊದಲಿನ ಮೂರಕ್ಷರ ಹುಡುಕ್ರಿ. ಮಗ್ಗಲದಾಗ ತಾರೀಖ ನೋಡ್ರಿ. ದಾಟಿದ್ರ ಇದರಾಗ ಒಗೀರಿ,' ಅಂದಿದ್ದ.

ಮೂರು ವರ್ಷದಿಂದ ಅವಳು ಅದನ್ನೇ ಮಾಡುತ್ತಿದ್ದಳು. ಹಪ್ಪಳ, ರವೆ, ಮಸಾಲೆ ಪುಡಿ. ದಾಟಿದ್ದನ್ನು ಒಗೆಯುವುದು.

ಗಂಡ ದ್ಯಾಮಣ್ಣ ಡೀಸೆಲ್ ಮೆಕ್ಯಾನಿಕ್. ಹುಬ್ಬಳ್ಳಿಯಿಂದ ಹೆಂಡತಿ ಮಗಳನ್ನು ಇಲ್ಲಿಗೆ ಕರೆತಂದವನು ಅವನೇ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗಳು ನಿವೇದಿತಾ ಹತ್ತನೆಯ ತನಕ ಹುಬ್ಬಳ್ಳಿಯಲ್ಲಿ ಕನ್ನಡದಲ್ಲಿ ಓದಿ, ಡಿಗ್ರಿಯನ್ನು ಸಿಡ್ನಿಯಲ್ಲಿ ಮುಗಿಸಿ, ಒಂದು ಲ್ಯಾಬಿನಲ್ಲಿ ರಕ್ತದ ಶೀಶೆಗಳಿಗೆ ಲೇಬಲ್ ಹಚ್ಚುತ್ತಿದ್ದಳು. ಅವಳಿಗೆ ಡಾಕ್ಟರಾಗಬೇಕಿತ್ತು. ಡಿಗ್ರಿ ಆದವರಿಗೆ ಆ ಸೀಟಿಗೊಂದು ಪ್ರವೇಶ ಪರೀಕ್ಷೆ ಇದೆ. ವಿಜ್ಞಾನವನ್ನೇನೋ ಬರೆಯುತ್ತಿದ್ದಳು. ಇಂಗ್ಲಿಷ್ ಪ್ರಬಂಧ ಎರಡು ಸಲ ಅವಳನ್ನು ಕೆಡವಿತ್ತು.

'ಮೂರನೇ ಸಲಾನೂ ಆಗ್ಲಿಲ್ಲಂದ್ರ ಮುಗೀತವ್ವಾ. ಮತ್ತ ಬರಿಯಂಗಿಲ್ಲ. ಲೇಬಲ್ ಹಚ್ಕೋತ ಇರ್ತೀನಿ,' ಎಂದು ಅವಳು ಹೇಳಿಬಿಟ್ಟಿದ್ದಳು. ಹೇಳಿದ್ದನ್ನು ಮಾಡುವ ಹುಡುಗಿ. ಅಪ್ಪನ ಗುಣ.

ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಚಂದ್ರಪ್ರಭಾ ಎಂಬ ಮೈಸೂರಿನ ಹೆಂಗಸಿದ್ದರು. ಇಂಗ್ಲಿಷ್ ಟೀಚರಾಗಿ ನಿವೃತ್ತರಾದವರು. ವಾರಕ್ಕೆರಡು ಸಲ ಬೆಳಿಗ್ಗೆ ಆರಕ್ಕೆ ವಿಡಿಯೊದಲ್ಲಿ ನಿವೇದಿತಾಳಿಗೆ ಪಾಠ. ಅರ್ಧ ಗಂಟೆಗೊಂದು ಪ್ರಬಂಧ. ಹೊತ್ತು ನೋಡುವ ಕೆಲಸ ರತ್ನವ್ವನದು. ಸಮಯ ಮುಗಿದ ಕೂಡಲೆ ಅವಳು ಸೌಟಿನಿಂದ ಪಾತೇಲಿಯ ಅಂಚಿಗೆ ಒಂದೇಟು ಕೊಡುತ್ತಿದ್ದಳು.

'ಏನ್ ರತ್ನಮ್ಮ, ನಿಮ್ಮ ಬೆಲ್ಲು ಪಾಯಿಂಟ್ ಕುಕ್ಕಿಗೆ ಕೇಳಿಸ್ತು ಕಣ್ರೀ!' ಎಂದು ಚಂದ್ರಪ್ರಭಾ ನಗುತ್ತಿದ್ದರು.

'ರತ್ನವ್ವ ಅನ್ರೀ. ಅಮ್ಮ ಅಂದ್ರ ಯಾರನ್ನೋ ಕರದಂಗ ಆಕ್ಕತಿ.'

ಓದಿಸುವ ಕ್ರಮವೂ ಇತ್ತು. ನಿವೇದಿತಾ ಇಂಗ್ಲಿಷ್ ತುಣುಕೊಂದನ್ನು ಓದಿ, ಅದರಲ್ಲಿ ಏನಿದೆಯೆಂದು ಅವ್ವನಿಗೆ ಕನ್ನಡದಲ್ಲಿ ಹೇಳಬೇಕು. ರತ್ನವ್ವನಿಗೆ ತಿಳಿಯದಿದ್ದರೆ ನಿವೇದಿತಾಳಿಗೂ ತಿಳಿದಿಲ್ಲ ಎಂದು ಚಂದ್ರಪ್ರಭಾರ ಲೆಕ್ಕ. ಓದು ಹೀಗೆ ದಾರಿಗೆ ಬಂತು. ಬರೆಹ ಬರಲಿಲ್ಲ. ಹುಬ್ಬಳ್ಳಿಯ ಶಾಲೆಯಲ್ಲಿ ಕಲಿಸಿದ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅವಳ ಕೈಯನ್ನು ಬಿಡಲೊಲ್ಲದು. ಯಾವ ವಿಷಯ ಕೊಟ್ಟರೂ ಆದಿಕಾಲದಿಂದ ಮಾನವನು ಎಂದೇ ಶುರು.

'ನಿನ್ನ ಪೀಠಿಕೆ ಮುಗಿಯೋ ಹೊತ್ತಿಗೆ ನಿಮ್ಮಮ್ಮ ಪಾತ್ರೆ ಬಡೀತಾರೆ ಕಣೇ,' ಅಂದರು ಚಂದ್ರಪ್ರಭಾ. 'ಮಾನವನ್ನ ಬಿಡು. ನಿನಗೆ ಆಗಿದ್ದೇನು? ಅದನ್ನ ಬರಿ.'

ಪರೀಕ್ಷೆಗೆ ಮೂರು ವಾರ ಇರುವಾಗ ಅವರು ಕೊಟ್ಟ ವಿಷಯ, ಕಳೆದುಕೊಳ್ಳುವುದು. ನಿವೇದಿತಾ ಬರೆದು ಕಳಿಸಿದಳು. ಚಂದ್ರಪ್ರಭಾ ಓದುತ್ತ ಓದುತ್ತ ಒಂದು ಕಡೆ ನಿಂತರು.

'ಇದೇನಿದು, ಮೈ ಫಾದರ್ ಎಕ್ಸ್‌ಪೈರ್ಡ್?'

ಸೌಟು ಹಿಡಿದು ನಿಂತಿದ್ದ ರತ್ನವ್ವನಿಗೆ ಆ ಶಬ್ದ ಕೇಳಿಸಿತು.

'ಕರೆಕ್ಟೇ ಐತಲ್ಲ ಮ್ಯಾಮ್. ನಮ್ಮ ಕಡೆ ಎಲ್ಲಾರೂ ಹಂಗ ಬರೀತಾರ,' ಅಂದಳು ನಿವೇದಿತಾ.

'ಬರೀತಾರೆ. ನಮ್ಮ ಮೈಸೂರಲ್ಲೂ ಬರೀತಾರೆ. ಆದರೆ ಇಲ್ಲಿಯವರಿಗೆ ಹಾಲು ಎಕ್ಸ್‌ಪೈರ್ ಆಗತ್ತೆ, ವೀಸಾ ಎಕ್ಸ್‌ಪೈರ್ ಆಗತ್ತೆ. ಮನುಷ್ಯರಲ್ಲ.'

ರತ್ನವ್ವ ಒಲೆ ಆರಿಸಿ ಬಂದು ಪರದೆಯ ಮುಂದೆ ಕುಳಿತಳು. ಗಂಡ ತೀರಿಕೊಂಡ ದಿನ ಊರಿಗೆಲ್ಲ ಹೋದ ಮೆಸೇಜಿನಲ್ಲೂ ಇದೇ ಶಬ್ದವಿತ್ತು. ಬರೆದವಳು ನಿವೇದಿತಾ. ಕಳಿಸು ಅಂದವಳು ತಾನು.

'ಮೇಡಂ, ಅದು ನಮ್ಮ ಅಂಗಡಿ ಬುಟ್ಟಿ ಮ್ಯಾಲಿನ ಶಬ್ದ. ನಾ ದಿನಾ ಅದರಾಗ ಕೆಟ್ಟ ರವಾ ಒಗಿತೀನಿ. ಅದನ್ನ ಅವರ ಹೆಸರಿನ ಮುಂದ ಹಾಕೇವೇನು ನಾವು?'

ಚಂದ್ರಪ್ರಭಾ ಪರದೆಯ ಹತ್ತಿರ ಬಾಗಿದರು. 'ತಪ್ಪು ತಿಳ್ಕೋಬೇಡಿ. ನೀವು ಮರ್ಯಾದೆಗೇ ಬರೆದಿದ್ದೀರಿ.'

'ಹಂಗಾರ ಏನ್ ಬರೀಬೇಕು?'

'ಡೈಡ್ ಅಂತ. ನೇರವಾಗಿ.'

'ಕನ್ನಡದಾಗ ಏನ ಅದು?'

ಚಂದ್ರಪ್ರಭಾ ತಡೆದು ಹೇಳಿದರು. 'ಸತ್ತರು ಅಂತ.'

'ನಾಯಿ ಸಾಯ್ತಾವ್ರೀ. ನಮ್ಮ ಮಂದಿ ತೀರ್ಕೋತಾರ.'

ಅಂದಿನ ಪಾಠ ಅಲ್ಲಿಗೇ ನಿಂತಿತು. ರತ್ನವ್ವ ಅಂಗಡಿಗೆ ಹೋದಳು. ಆ ದಿನ ಪಾಕೀಟುಗಳನ್ನು ಬುಟ್ಟಿಗೆ ಒಗೆಯಲಿಲ್ಲ, ಬಗ್ಗಿ ಇಟ್ಟಳು. ವಿರುಪಾಕ್ಷ ನೋಡಿ, 'ಏನ್ರೀ, ಇವಕ್ಕ ನೀರು ಬಿಟ್ಟು ಪೂಜಿ ಮಾಡ್ತೀರೇನು?' ಅಂದ. ಅವಳು ಮುಂದಿನ ಪಾಕೀಟಿನ ತಾರೀಖು ನೋಡಿದಳು.

ನಿವೇದಿತಾ ಮೂರು ದಿನ ಬರೆಯಲೇ ಇಲ್ಲ. ನಾಲ್ಕನೆಯ ದಿನ ಕುಳಿತಳು. ಬರೆದಳು, ಅಳಿಸಿದಳು. ಬೆರಳು ಮತ್ತೆ ಆದಿಕಾಲದ ಮಾನವನ ಕಡೆಗೇ ಹೋಗುತ್ತಿತ್ತು.

'ನನ್ನ ಕೈಲೆ ಆಗಂಗಿಲ್ಲವ್ವಾ. ಪರೀಕ್ಷಾ ಬಿಡ್ತೀನಿ. ಫೀ ಹೋದ್ರ ಹೋತು.'

ರತ್ನವ್ವ ಮಗಳನ್ನೇ ನೋಡಿದಳು. ಇವಳನ್ನು ತಡೆದದ್ದು ಇಂಗ್ಲಿಷಲ್ಲ ಎಂದು ಅವಳಿಗೆ ಅನ್ನಿಸಿತು. ಎಂಟು ತಿಂಗಳಲ್ಲಿ ಈ ಮನೆಯಲ್ಲಿ ಯಾರೂ ಆ ದಿನದ ಮಾತು ಎತ್ತಿರಲಿಲ್ಲ. ತೀರಿಕೊಂಡರು ಅನ್ನುವುದು, ಸುಮ್ಮನಾಗುವುದು. ಅಷ್ಟೇ.

'ನಾ ಹೇಳ್ತೀನಿ. ನೀ ಬರಿ,' ಅಂದಳು.

'ಏನು?'

'ಐತವಾರ ಇತ್ತು. ನಿಮ್ಮಪ್ಪ ಹಿತ್ತಲ ಮೆಟ್ಟಲ ಮ್ಯಾಲೆ ಕುಂತು ಉಗುರು ತಕ್ಕೊಳ್ಳಾಕತ್ತಿದ್ದ. ಎಡಗೈದು ಮುಗದಿತ್ತು. ಬಲಗೈದು ಎರಡು ಬೆರಳು ಆಗಿತ್ತು. ವಾಲಿದ. ನಾ ಒದರಿದೆ. ನೀ ಓಡಿ ಬಂದಿ. ಎದಿ ಒತ್ತಿದಿ. ಆಂಬುಲೆನ್ಸ್ ಗಾಡಿ ಬರೂ ತನಕ ಒತ್ತಿದಿ. ಕೈ ಸೋತ್ರೂ ಬಿಡಲಿಲ್ಲ.' ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. 'ಅಷ್ಟು ಮಾಡಿದ್ರೂ ಸತ್ತ. ನನ್ನ ಗಂಡ ಸತ್ತ. ಬರಿ.'

ನಿವೇದಿತಾ ಅವ್ವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವಳು ಅತ್ತಳು. ಅಳುತ್ತಲೇ ಬರೆದಳು. ಪೀಠಿಕೆ ಇರಲಿಲ್ಲ. ಅರ್ಧ ಗಂಟೆ ಆಗಿಹೋಯಿತು. ಅಂದು ರತ್ನವ್ವ ಪಾತೇಲಿ ಬಡಿಯಲಿಲ್ಲ.

ಚಂದ್ರಪ್ರಭಾ ಓದಿ ಫೋನ್ ಮಾಡಿದರು. ವ್ಯಾಕರಣದ ಎರಡು ತಪ್ಪು ಹೇಳಿದರು. ಆಮೇಲೆ, 'ಇನ್ಮೇಲೆ ಇವಳಿಗೆ ನಾನು ಬೇಕಾಗಿಲ್ಲ,' ಅಂದರು.

ಪರೀಕ್ಷೆಯ ದಿನ ರತ್ನವ್ವ ಪರೀಕ್ಷಾ ಕೇಂದ್ರದ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತೇ ಇದ್ದಳು. ಮಗಳು ಬಂದ ಮೇಲೆ ಕೇಳಿದಳು.

'ಅಪ್ಪಂದು ಬರದಿಯೇನು?'

'ಇಲ್ಲವ್ವಾ. ವಿಷಯಾನೇ ಬ್ಯಾರೆ ಬಂದಿತ್ತು. ನೆರೆಮನೆಯವರ ಬಗ್ಗೆ. ನಮ್ಮ ಬಾಜೂ ಮನಿ ಅಜ್ಜಿ ವಾರವಾರ ನಮ್ಮ ಕಸದ ಬಿನ್ ಹೊರಗ ಇಟ್ಟು ಬರ್ತಾಳಲ್ಲ, ಅಕಿದ ಬರದೆ. ಸೀದಾ ಬರದೆ.'

ರತ್ನವ್ವನಿಗೆ ಒಂದು ಗಳಿಗೆ ಬೇಸರವಾಯಿತು. ಅಷ್ಟು ಕಷ್ಟಪಟ್ಟು ಬಾಯಿ ಬಿಟ್ಟದ್ದು ಹಾಳೆಗೆ ಬರಲಿಲ್ಲವಲ್ಲ ಎಂದು. ಆಮೇಲೆ ಅದೇ ಚಲೋ ಆಯಿತು ಅನ್ನಿಸಿತು. ಅವನ ಸಾವಿಗೆ ಯಾರೋ ಅಂಕ ಹಾಕುವುದು ಬೇಡ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಪ್ರಬಂಧದ ಅಂಕ ಬೇಕಾದಷ್ಟು ಬಂದಿತ್ತು. ಆಮೇಲೆ ಮೆಲ್ಬರ್ನಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಸೀಟು ಇನ್ನೂ ಸಿಕ್ಕಿರಲಿಲ್ಲ, ಬಾಗಿಲು ತೆರೆದಿತ್ತು.

ರತ್ನವ್ವ ಅಂಗಡಿಗೆ ಹೋಗಿ ಎರಡು ದಿನ ರಜೆ ಕೇಳಿದಳು.

'ಎಲ್ಲಿಗ್ರೀ? ಟೂರೇನು?' ವಿರುಪಾಕ್ಷ ಕೇಳಿದ.

'ಅಲ್ಲ. ನನ್ನ ಮಗಳು ಪರೀಕ್ಷಾ ಪಾಸಾಗ್ಯಾಳ. ಮೆಲ್ಬರ್ನ್‌ಗೆ ಕರದಾರ. ಅಕಿನ್ನ ಒಬ್ಬಾಕಿನ್ನ ಕಳಸಂಗಿಲ್ಲ, ನಾನೂ ಹೊಂಟೀನಿ.'

ಮಾಲು ಇಳಿಸುತ್ತಿದ್ದವನು ಎದ್ದು ನಿಂತ. ಗಂಡ ತೀರಿಕೊಂಡ ಮೇಲೆ ಇಷ್ಟು ತಿಂಗಳಲ್ಲಿ ಅವಳು ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.