ನೊಕ್ವೇಜಿ ಕರೆದ ಹೆಸರು

ಕೇಪ್‌ಟೌನಿನ ಅಂಚಿನ ಗುಗುಲೆತು ಬಡಾವಣೆಯ ನೊಕ್ವೇಜಿ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಭಾನುವಾರ ಚರ್ಚಿನ ಗಾನಮೇಳದ ಹಿಂದಿನ ಸಾಲಿನಲ್ಲಿ ನಿಂತು ತಗ್ಗು ದನಿಯಲ್ಲಿ ಹಾಡುತ್ತಿದ್ದಳು. ಆರು ವರ್ಷದ ಹಿಂದೆ ಅವಳ ಗಂಡ ವೆಲಿಲೆ ಕೆಲಸಕ್ಕಿದ್ದ ಮೀನಿನ ಹಡಗು ಮಗುಚಿತು. ಏಳು ಜನರ ಹೆಣ ಸಿಕ್ಕಿತು, ವೆಲಿಲೆಯದು ಸಿಗಲಿಲ್ಲ. ಅವಳು ಒಂದು ವರ್ಷ ಕರಿ ಬಟ್ಟೆ ತೊಟ್ಟಳು. ವರ್ಷ ತುಂಬಿದ ದಿನ ನೆಂಟರ ಹೆಂಗಸರು ಬಂದು ಅದನ್ನು ಬಿಚ್ಚಿಸಿ, ಊಟ ಮಾಡಿ ಹೋದರು. ಅಲ್ಲಿಂದಾಚೆ ಯಾರೂ ಅವನ ಮಾತೆತ್ತಲಿಲ್ಲ.

ಅವರ ಪದ್ಧತಿಯಲ್ಲಿ, ದೂರದಲ್ಲಿ ಸತ್ತವನ ಆತ್ಮವನ್ನು ಸತ್ತ ಜಾಗದಿಂದ ಮನೆಗೆ ಕರೆತರಬೇಕು. ಮನೆತನದ ಹಿರಿಯ ಗಂಡಸು ಮುಳ್ಳುಮರದ ಕೊಂಬೆ ಹಿಡಿದು ಹೋಗಿ, ಕುಲದ ಹೆಸರಿನಿಂದ ಕೂಗಿ, ದಾರಿಯುದ್ದಕ್ಕೂ ಕೊಂಬೆಯಲ್ಲಿ ಬರುವ ಅವನೊಬ್ಬನ ಜೊತೆಗೇ ಮಾತಾಡುತ್ತ ಬರಬೇಕು. ಅದು ವೆಲಿಲೆಯ ಅಣ್ಣ ಫಕಾಮಿಲೆಯ ಕೆಲಸ. ನೊಕ್ವೇಜಿ ಮೂರು ಸಲ ಕೇಳಿದ್ದಳು.

"ನೀರಲ್ಲಿ ಯಾವ ಜಾಗ ಅಂತ ಹೋಗಿ ಕೂಗ್ಲಮ್ಮಾ?"

"ದಡದಲ್ಲೇ ನಿಂತು ಕೂಗಿ ಭಾವ. ಅವ್ರಿಗೆ ಕೇಳ್ಸುತ್ತೆ."

"ಮುಖ ನೋಡ್ದೆ ನನ್ ತಮ್ಮ ಸತ್ತ ಅಂತ ನನ್ ಬಾಯಲ್ಲಿ ಹೇಳ್ಸಬೇಡ," ಎಂದು ಅವನು ಎದ್ದು ಹೋಗುತ್ತಿದ್ದ.

ಆ ಚಳಿಗಾಲದಲ್ಲಿ ತೆಂಬೆಕಾ ಎಂಬವಳು ನೊಕ್ವೇಜಿಯ ಮನೆಗೆ ಬಂದಳು. ಅದೇ ಬೀದಿಯಲ್ಲಿ ಬೆಳೆದು, ಸಂಗೀತ ಓದಿ, ಈಗ ಕೇಪ್‌ಟೌನಿನ ದೊಡ್ಡ ರಂಗಮಂದಿರಕ್ಕೆ ಆಪೆರಾ, ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ, ಬರೆದಿದ್ದಳು. ಗಣಿ ಕುಸಿದು ಗಂಡನನ್ನು ಕಳೆದುಕೊಂಡವಳ ಕಥೆ ಅದು. ಅದರಲ್ಲಿ ಹಾಡಲು ನೊಕ್ವೇಜಿಯನ್ನು ಕರೆಯಲು ಬಂದಿದ್ದಳು.

"ಆಂಟಿ, ನಿಮ್ಮಜ್ಜಿ ಗಂಟಲಲ್ಲಿ ಗುರ್ರ್ ಅಂತ ಹಾಡ್ತಿದ್ರಲ್ಲ, ಅದು ನಿಮಗೆ ಬರುತ್ತಾ?"

"ಬರುತ್ತೆ. ಅಲ್ಲ ಕಣೇ, ಪಿಟೀಲಿನವ್ರ ಮಧ್ಯೆ ನಾನು ಗೂಳಿ ಹಂಗೆ ಗುಟುರು ಹಾಕ್ಲಾ?"

"ಹಾಕಿ. ಅವರೇ ನಿಮ್ಮ ಹಿಂದೆ ಬರ್ತಾರೆ."

ನಾಯಕಿಯ ಪಾತ್ರದವಳು ಇಟಲಿಯಲ್ಲಿ ಕಲಿತವಳು. ಅವಳ ದನಿ ತಾರಸ್ಥಾಯಿಗೆ ಏರಿ ನಿಲ್ಲುವಾಗ, ಕೆಳಗಿನಿಂದ ನೊಕ್ವೇಜಿ ಸೋರೆಬುರುಡೆ ಕಟ್ಟಿದ ಒಂಟಿ ತಂತಿಯ ಬಿಲ್ಲುವಾದ್ಯ ಉಹಾದಿಯನ್ನು ಕಡ್ಡಿಯಿಂದ ತಟ್ಟುತ್ತ ಗಂಟಲು ಹಾಡು ಹಾಡಬೇಕಿತ್ತು. ಆ ತಂತಿಗೂ ಪಿಯಾನೊ ಶ್ರುತಿಗೂ ಹೊಂದುತ್ತಿರಲಿಲ್ಲ. ಕೊನೆಗೆ ಪಿಟೀಲಿನವರು ತಮ್ಮ ತಂತಿಗಳನ್ನು ತುಸು ಇಳಿಸಿಕೊಂಡರು. ಹಾಡಿನ ಕೊನೆಯಲ್ಲಿ ತೆಂಬೆಕಾ ಸಾಹಿತ್ಯವಿಲ್ಲದೆ ನಾಲ್ಕು ಆವರ್ತ ಖಾಲಿ ಬಿಟ್ಟಿದ್ದಳು. ಅಲ್ಲಿ ಉಹಾದಿ ಮಾತ್ರ.

ಮೊದಲ ಪ್ರದರ್ಶನಕ್ಕೆ ಫಕಾಮಿಲೆ ಕೋಟು ಹಾಕಿಕೊಂಡು ಬಂದು ಆರನೇ ಸಾಲಿನಲ್ಲಿ ಕೂತಿದ್ದ. ಅಳುವಿನ ಹಾಡು ಮುಗಿದು ವಾದ್ಯಗಳೆಲ್ಲ ಸುಮ್ಮನಾದವು. ನೊಕ್ವೇಜಿ ತಂತಿ ತಟ್ಟಿದಳು. ಎರಡನೇ ಆವರ್ತಕ್ಕೆ, ತಾನೇನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಗಂಡನ ಕುಲದ ಹೆಸರು ಬಾಯಿಗೆ ಬಂತು.

"ಭೇಲೆ! ಭೇಲೆ, ಎದ್ದು ಬಾ! ಮನೆಗೆ ಹೋಗೋಣ!"

ಅದು ಫಕಾಮಿಲೆಯ ಕುಲದ ಹೆಸರೂ ಹೌದು. ಕತ್ತಲೆಯಲ್ಲಿ ಅವನು ಎದ್ದು ನಿಂತುಬಿಟ್ಟ. ಹಿಂದಿನವರು ಗದರಿದರೂ ಕೂರಲಿಲ್ಲ. ಖಾಲಿ ಜಾಗ ಮುಗಿದಿತ್ತು, ಆದರೂ ವಾದ್ಯದವರನ್ನು ನಡೆಸುತ್ತಿದ್ದ ತೆಂಬೆಕಾ ಎತ್ತಿದ ಕೈ ಇಳಿಸಲಿಲ್ಲ, ಯಾವ ವಾದ್ಯವೂ ಶುರುವಾಗಲಿಲ್ಲ. ನೊಕ್ವೇಜಿ ಇನ್ನೆರಡು ಸಲ ಕರೆದು ನಿಲ್ಲಿಸಿದಳು.

ಪ್ರದರ್ಶನ ಮುಗಿದ ಮೇಲೆ ತೆರೆಯ ಹಿಂದೆ ಬಂದ ಫಕಾಮಿಲೆಗೆ ಅವಳ ಮುಖ ನೋಡಲಾಗಲಿಲ್ಲ. "ಶನಿವಾರ ಬರ್ತೀನಿ. ರೆಡಿಯಾಗಿರು," ಎಂದಷ್ಟೇ ಹೇಳಿದ.

ಶನಿವಾರ ಬೆಳಿಗ್ಗೆ ಬಂದರಿನ ಕಟ್ಟೆಯ ತುದಿಯಲ್ಲಿ ನಿಂತು ಅವನು ತಮ್ಮನನ್ನು ಕೂಗಿದ. ವಾಪಸು ಬರುವಾಗ ಅವನ ಮಾತೆಲ್ಲ ಕೈಯಲ್ಲಿದ್ದ ಕೊಂಬೆಯ ಜೊತೆ: "ಹುಷಾರು ಕಣೋ, ಮೆಟ್ಟಿಲಿದೆ. ಈಗ ಟ್ಯಾಕ್ಸಿ ಹತ್ತೋಣ." ಡ್ರೈವರ್ ಕೊಂಬೆಗೊಂದು ಸೀಟು ಬಿಟ್ಟು, ರೇಡಿಯೊ ಹಾಡು ನಿಲ್ಲಿಸಿದ. ನೊಕ್ವೇಜಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದಳು. ಆರು ವರ್ಷದಿಂದ ಗಂಡನಿಗೆ ಹೇಳಬೇಕೆಂದಿದ್ದ ಮಾತುಗಳಿದ್ದವು, ಆದರೆ ಆ ದಾರಿಯಲ್ಲಿ ಮಾತಾಡುವ ಹಕ್ಕು ಅಣ್ಣನದು, ಅವಳದಲ್ಲ.

ಕೊಂಬೆಯನ್ನು ಮನೆಯ ಒಳಮೂಲೆಗೆ ಒರಗಿಸಿದರು. ಬೇಯಿಸಿದ ಜೋಳ, ಕಾಳು ತಿಂದು ಫಕಾಮಿಲೆ ಹೊರಟುಹೋದ. ಅವಳು ತಟ್ಟೆಗಳನ್ನು ತೊಳೆದಿಟ್ಟಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಅಲ್ಲೇ ಕುಸಿದು ಕೂತು, ದನಿ ತೆಗೆದು, ಶ್ರುತಿಯಿಲ್ಲದೆ ಬಹಳ ಹೊತ್ತು ಅತ್ತಳು. ಯಾರೂ ಬರಲಿಲ್ಲ. ಬರುವುದು ಅವಳಿಗೂ ಬೇಕಿರಲಿಲ್ಲ.