ಹಾಸಕ್ಕನ ಮೂಗು

ಇಪ್ಪತ್ತು ಸಾವಿರ ಕೋಳಿಗಳಿರುವ ಫಾರಂ ಇದು. ಆದರೂ ಬೆಳಗಾಯಿತೆಂದು ಕೂಗಿ ಹೇಳುವ ಒಂದೇ ಒಂದು ಕೋಳಿ ಇಲ್ಲಿಲ್ಲ. ಕೂಗಲು ಗಂಟಲು ಬಲಿಯುವಷ್ಟರಲ್ಲಿ ಅವು ಲಾರಿ ಹತ್ತಿರುತ್ತವೆ. ಇಲ್ಲಿ ಬೆಳಗು ಗೊತ್ತಾಗುವುದು ಮೂರನೇ ಶೆಡ್ಡಿನ ತಗಡಿನ ಬಾಗಿಲು ಕಿರ್ರೆಂದಾಗ. ಹಲ್ಲುಕುಂಟೆ ಹಿಡಿದು ಒಳಗೆ ಹೋಗುವ ಹೆಂಗಸಿಗೆ ಐವತ್ತಾರು ವರ್ಷ. ಕೋಳಿಗಳ ಕಾಲಡಿಯ ಹಾಸು ನೋಡಿಕೊಳ್ಳುವವರಾದ್ದರಿಂದ ಎಲ್ಲರ ಬಾಯಲ್ಲೂ ಹಾಸಕ್ಕ.

ಹಾಸಕ್ಕ ಬಗ್ಗಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಒಂದು ಹಿಡಿ ಎತ್ತಿ ಮುಷ್ಟಿ ಬಿಗಿಯುತ್ತಾರೆ, ಬಿಡುತ್ತಾರೆ. ಉಂಡೆ ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚು. ಧೂಳಾಗಿ ಹಾರಿದರೆ ಒಣಗಿದ್ದು ಹೆಚ್ಚು. ಅಂಗೈಗೆ ಒಂದಿಷ್ಟು ಅಂಟಿ, ಮಿಕ್ಕಿದ್ದು ಮೆಲ್ಲಗೆ ಬಿರಿದು ಉದುರಿದರೆ ಸರಿ. ಬಾಗಿಲಲ್ಲಿ ನಿಂತ ಮಾಲೀಕರಿಗೆ ಇದನ್ನೆಲ್ಲ, ಹಾಸಕ್ಕನ ಬಗ್ಗೆ ಬರೆಯಲು ಬಂದ ಪತ್ರಿಕೆಯವರಿಗೆ ತೋರಿಸುವ ಹುರುಪು. “ಕೈ ವಿಷ್ಯ ಬಿಡಿ, ಇವಳ ಮೂಗು ನೋಡ್ಬೇಕು ನೀವು. ಗಾಳಿ ಕೆಟ್ಟಿದೆ ಅಂತ ಡಾಕ್ಟ್ರಿಗಿಂತ ಎರಡು ದಿನ ಮುಂಚೆ ಹೇಳ್ತಾಳೆ” ಎನ್ನುತ್ತಾರೆ. ಅಷ್ಟರಲ್ಲಿ ಫೋನು ಬಂದು ಆಚೆ ಹೋಗುತ್ತಾರೆ.

ಅವರ ಚಪ್ಪಲಿ ಸದ್ದು ದೂರವಾಗುವವರೆಗೆ ಹಾಸಕ್ಕ ಹಲ್ಲುಕುಂಟೆ ಎಳೆಯುತ್ತಿರುತ್ತಾರೆ. ಆಮೇಲೆ ಹೇಳುತ್ತಾರೆ: “ಆ ಮೂಗು ಸತ್ತು ಎರಡು ವರ್ಷ ಆಯ್ತು. ಅವ್ರಿಗೆ ಗೊತ್ತಿಲ್ಲ. ಗೊತ್ತಾದ್ರೆ ಕೆಲಸ ಹೋಗುತ್ತೆ.”

ಹಿಕ್ಕೆಗೆ ನೀರು ಸೇರಿ ಹಾಸು ಒದ್ದೆಯಾದರೆ ಶೆಡ್ಡಿನಲ್ಲಿ ಘಾಟು ಏಳುತ್ತದೆ. ಕೋಳಿಯ ಕಣ್ಣು, ಎದೆ ಎರಡೂ ಕೆಡುತ್ತವೆ. ಅದನ್ನು ಮೊದಲು ಹಿಡಿಯಬೇಕಾದ್ದು ಮನುಷ್ಯರ ಮೂಗು. ನಾಲ್ಕು ಶೆಡ್ಡು, ದಿನಕ್ಕೆರಡು ಸಲ, ಇಪ್ಪತ್ತೆರಡು ವರ್ಷ. ಕೋಳಿಗೆ ಆಗದ ಗಾಳಿ ಅದನ್ನು ಮೂಸಿ ನೋಡುವವರಿಗೆ ಆಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಲವತ್ತೆರಡು ದಿನ ಬದುಕುವ ಕೋಳಿಯನ್ನು ನೋಡಲು ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ. ಹಾಸಕ್ಕನಿಗೆ ಒಂದು ಮುಖಗವಸನ್ನೂ ಯಾರೂ ಕೊಟ್ಟಿಲ್ಲ. ತಲೆಗೆ ಸುತ್ತಿದ ಬಟ್ಟೆಯನ್ನೇ ಮೂಗಿಗೆ ಎಳೆದುಕೊಳ್ಳುತ್ತಾರೆ.

ನೂಲಿನ ಗಿರಣಿ ಮುಚ್ಚಿದ ವರ್ಷ ಚೀಲ ಹೊರಲೆಂದು ಇಲ್ಲಿಗೆ ಬಂದವರು ಇವರು. ಈಗ ಯಾವ ಹಾಸು, ಎಲ್ಲಿಗೆ, ಎಷ್ಟು ದಪ್ಪ ಎನ್ನುವುದೆಲ್ಲ ಇವರದೇ ತೀರ್ಮಾನ. ಮರ ಕೀಸಿದ ಸುರುಳಿ ಎಲ್ಲಕ್ಕಿಂತ ಒಳ್ಳೆಯದು, ಆದರೆ ಬೇಕಾದಷ್ಟು ಸಿಗುವುದಿಲ್ಲ. ಗರಗಸದ ಪುಡಿಯನ್ನು ಮರಿಗಳು ಮೇವೆಂದು ತಿಂದು ಸಾಯುತ್ತವೆ. ಹುಲ್ಲು ಹೆಣೆದುಕೊಂಡು ಅಡಿಯಲ್ಲಿ ನೀರು ಹಿಡಿಯುತ್ತದೆ. ಹಿಂದಿನ ಅಂಗಳದಲ್ಲಿ ತಿರುಗಾಡುವ ನಾಟಿ ಹೇಂಟೆಗಳಿಗೆ ಮರಳೇ ಸೈ, ಮಳೆ ಬಿದ್ದರೂ ಇಳಿದುಹೋಗುತ್ತದೆ. ಶೆಡ್ಡಿಗೆ ಭತ್ತದ ಹೊಟ್ಟು, ನಾಲ್ಕು ಬೆರಳು ದಪ್ಪ, ಒಂದೊಂದಕ್ಕೆ ನೂರೈವತ್ತು ಚೀಲ. “ನಾವು ಮಲಗೋ ಚಾಪೆ ಹರಿದ್ರೂ ನಡೆಯುತ್ತೆ. ಅವು ಅಲ್ಲೇ ಉಣ್ಬೇಕು, ಅಲ್ಲೇ ಹೇಲ್ಬೇಕು, ಅಲ್ಲೇ ಮಲಗ್ಬೇಕು. ಇನ್ನೆಲ್ಲಿಗೆ ಹೋಗ್ತಾವೆ ಪಾಪ?”

ಮೂಗು ಹೋದದ್ದು ಮೊದಲು ಗೊತ್ತಾದದ್ದು ತಂಗಿಗೆ. ಅಕ್ಕತಂಗಿ ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ತಂಗಿಯದು ಹೊಲಿಗೆ ಕೆಲಸ. ಗೇಟಿನ ಬಳಿ ಬುತ್ತಿ ಕೊಡಲು ಬಂದವರು ಹೇಳುತ್ತಾರೆ: “ಹಾಲು ಸೀದು ಪಾತ್ರೆ ಕರಕಲಾಗಿತ್ತು. ಬೀದಿ ತುದಿಗೇ ವಾಸನೆ. ಓಡಿ ಬಂದು ನೋಡಿದ್ರೆ ಅಕ್ಕ ಒಲೆ ಪಕ್ಕದಲ್ಲೇ ಕೂತು ಗುಂಡಿ ಹೊಲೀತಾ ಇದ್ದಾಳೆ, ಮಹಾರಾಣಿ!” ನಕ್ಕವರು ನಗು ಮುಗಿಯುವ ಮೊದಲೇ ಕಣ್ಣೊರೆಸಿಕೊಳ್ಳುತ್ತಾರೆ. ಘಾಟಿಗೆ ಮೂಗಿನ ಒಳಗೆ ಸುಟ್ಟಿದೆ, ವಾಸನೆ ಇನ್ನು ವಾಪಸ್ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

ಅಂದಿನಿಂದ ಹಾಸಕ್ಕ ಕಣ್ಣನ್ನು ನಂಬಿ ದುಡಿಯುತ್ತಿದ್ದಾರೆ. ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಾರೆ. ಅವು ಕಣ್ಣು ಕಿರಿದು ಮಾಡಿದರೆ, ತಮ್ಮ ಕಣ್ಣು ಉರಿದರೆ, ಅಲ್ಲಿ ಹಾಸು ಬದಲಿಸಬೇಕು. ಲೆಕ್ಕಾಚಾರ ಚೆನ್ನಾಗಿಯೇ ನಡೆದಿತ್ತು. ಆದರೆ ಬೂಷ್ಟಿನ ವಾಸನೆಗೆ ಕಣ್ಣು ಉರಿಯುವುದಿಲ್ಲ.

ಹೋದ ಮಳೆಗಾಲದಲ್ಲಿ ಹೊಟ್ಟಿನ ಗಾಡಿಯವನು ಒಂದು ಲೋಡು ತಂದಿಳಿಸಿದ್ದ. ಹಾಸಕ್ಕನೇ ಚೀಲ ಚೀಲ ಬಿಚ್ಚಿ ನೋಡಿದ್ದರು. ಗರಿಗರಿ ಒಣಗಿದ ಹೊಟ್ಟು. ಆಮೇಲೆ ಉಗ್ರಾಣದ ಸೂರು ಸೋರಿತು. ಕೆಳಗಿನ ಚೀಲಗಳು ಒದ್ದೆಯಾಗಿ, ಬೂಷ್ಟು ಹಿಡಿದು, ಮತ್ತೆ ಒಣಗಿದವು. ಮರಿ ಬರುವ ದಿನ ಹಾಸಕ್ಕ ಮುಷ್ಟಿ ಹಿಡಿದು ನೋಡಿದರೆ ಒಣಗಿಯೇ ಇತ್ತು. ಬಣ್ಣವೂ ಹಾಗೇ ಇತ್ತು. ಮೂಗಿದ್ದ ಯಾರಾದರೂ ಚೀಲ ಬಿಚ್ಚುತ್ತಲೇ ಥೂ ಎನ್ನುತ್ತಿದ್ದರು. ಇವರು ಹಾಸಿದರು. ನಾಲ್ಕನೇ ದಿನ ಮರಿಗಳು ಕೊಕ್ಕು ತೆರೆದು ಉಸಿರಿಗೆ ಒದ್ದಾಡಿದವು. ಸಾವಿರದ ನೂರು ಮರಿ ಸತ್ತವು.

ಡಾಕ್ಟರು ಮರಿ ಕೊಯ್ದು ನೋಡಿ ಬೂಷ್ಟು ಹಿಡಿದ ಹೊಟ್ಟು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಲೀಕರು ಗಾಡಿಯವನನ್ನು ಕರೆಸಿ ಕೊಳೆತ ಹೊಟ್ಟು ತಂದವನೆಂದು ಎಲ್ಲರೆದುರು ಬೈದರು. ಅವನು ಹಾಸಕ್ಕನ ಕಡೆ ತಿರುಗಿ, “ಅಕ್ಕಾ, ನೀವೇ ನೋಡಿ ಇಳಿಸ್ಕೊಂಡ್ರಲ್ಲ, ಒಂದು ಮಾತು ಹೇಳಿ” ಎಂದ.

“ನಾನು ಬಗ್ಗಿ ಹಾಸು ಕೆದಕ್ತಾ ಇದ್ದೆ. ತಲೆ ಎತ್ತಲಿಲ್ಲ” ಎನ್ನುತ್ತಾರೆ ಹಾಸಕ್ಕ. “ಹೇಳಿದ್ರೆ, ಮತ್ತೆ ನೀನ್ಯಾಕೆ ಹಾಸೋ ಮುಂಚೆ ವಾಸನೆ ಹಿಡೀಲಿಲ್ಲ ಅಂತ ಕೇಳೋರು. ಹನ್ನೊಂದು ವರ್ಷ ಅಕ್ಕಾ ಅಂತ ಕರೆದೋನು. ಸುತ್ತಲಿನ ಯಾವ ಫಾರಮ್ಮಲ್ಲೂ ಅವನನ್ನ ಸೇರಿಸ್ಲಿಲ್ಲ. ಗಾಡಿ ಮಾರಿ ಈಗ ಇಟ್ಟಿಗೆ ಹೊರ್ತಾನೆ. ದಾರೀಲಿ ಸಿಕ್ಕಿದ್ರೆ ಆ ಕಡೆ ನೋಡ್ಕೊಂಡು ಹೋಗ್ತಾನೆ. ಬೈದಿದ್ರೂ ಸಮಾಧಾನ ಆಗ್ತಿತ್ತು.”

ಪತ್ರಿಕೆಯವರಿಗೆ ಕೇಳದೆ ಇರಲಾಗುವುದಿಲ್ಲ: ಇದನ್ನೆಲ್ಲ ಬರೆದರೆ ನಿಮ್ಮ ಗತಿ? ಹಾಸಕ್ಕ ಹಲ್ಲುಕುಂಟೆ ಎತ್ತಿಕೊಂಡು ನಾಲ್ಕನೇ ಶೆಡ್ಡಿಗೆ ನಡೆಯುತ್ತಾರೆ. ಅದು ಖಾಲಿ ಇದೆ, ಸುಣ್ಣ ಬಳಿದಾಗಿದೆ. ನಾಳೆ ಹೊಸ ಮರಿಗಳು ಬರುತ್ತವೆ.

ಮಧ್ಯಾಹ್ನ ಫೋಟೋ ತೆಗೆಯುವವನು ಬರುತ್ತಾನೆ. ಮಾಲೀಕರು ತಲೆ ಬಾಚಿಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. “ಹಾಸಕ್ಕ, ಒಂದು ಹಿಡಿ ಹೊಟ್ಟು ತಗೊಂಡು ಮೂಗಿಗೆ ಹಿಡಿ. ಫೋಟೋ ಚೆನ್ನಾಗಿ ಬರುತ್ತೆ.”

ಹಾಸಕ್ಕ ಹೊಟ್ಟು ಎತ್ತುತ್ತಾರೆ. ಕೈ ಎದೆಯ ತನಕ ಬಂದು ನಿಲ್ಲುತ್ತದೆ.

“ನಂಗೆ ವಾಸನೆ ಗೊತ್ತಾಗಲ್ಲ ಯಜಮಾನ್ರೇ. ಎರಡು ವರ್ಷದಿಂದ ಗೊತ್ತಾಗಲ್ಲ. ಆವತ್ತು ಗಾಡಿಯವ್ನು ಒಳ್ಳೇ ಹೊಟ್ಟನ್ನೇ ತಂದಿದ್ದ. ಒದ್ದೆ ಆಗಿದ್ದು ನಮ್ಮ ಸೂರಿನ ಕೆಳಗೆ. ಹಾಸಿದ್ದು ನಾನು.”

ಮಾಲೀಕರು ನಕ್ಕು ಫೋಟೋದವನ ಕಡೆ ನೋಡುತ್ತಾರೆ. ಅವನು ನಗುವುದಿಲ್ಲ. ಆಗ ಮಾಲೀಕರು ದನಿ ತಗ್ಗಿಸುತ್ತಾರೆ. “ಸೂರಿನ ವಿಷಯ ನಂಗೆ ಆವತ್ತೇ ಗೊತ್ತಿತ್ತು ಕಣೇ. ಮೂಗಿನ ವಿಷಯ ಗೊತ್ತಿರಲಿಲ್ಲ. ಇದೊಂದು ಶೆಡ್ಡು ಮುಗಿಸ್ಕೊಡು. ನಾಳೆಯಿಂದ ಬರೋದು ಬೇಡ.” ಪತ್ರಿಕೆಯವರಿಗೆ, ಇದೆಲ್ಲ ಬರೆಯುವಂಥದ್ದಲ್ಲ ಎಂದು ಹೇಳಿ ಹೊರಟುಹೋಗುತ್ತಾರೆ.

ಹಾಸಕ್ಕ ಕೈಲಿದ್ದ ಹೊಟ್ಟನ್ನು ನೆಲಕ್ಕೆ ಉದುರಿಸುತ್ತಾರೆ. ಆಮೇಲೆ ಚೀಲ ಬಿಚ್ಚಿ ಗೇಟಿನ ಬಳಿ ಇನ್ನೂ ಕೂತಿದ್ದ ತಂಗಿಯನ್ನು ಕೂಗಿ ಕರೆಯುತ್ತಾರೆ, ಒಂದು ಹಿಡಿ ತೆಗೆದು ಅವರ ಮೂಗಿನ ಹತ್ತಿರ ಹಿಡಿಯುತ್ತಾರೆ. ತಂಗಿ ಮೂಸಿ, ಏನೂ ಇಲ್ಲ ಎಂದು ತಲೆಯಾಡಿಸುತ್ತಾರೆ. ಮುಂದಿನ ಚೀಲ. ಹೀಗೆ ಒಂದೊಂದನ್ನೂ ಮೂಸಿಸಿ ಸುರಿಯುವಷ್ಟರಲ್ಲಿ ಬಿಸಿಲು ಇಳಿಯುತ್ತದೆ. ಬಿಟ್ಟು ಹೋಗಬಾರದೇ ಎಂದು ಪತ್ರಿಕೆಯವರು ಕೇಳಿದರೆ, “ಮರಿಗಳು ನಂಗೇನು ಮಾಡಿದ್ವು?” ಎನ್ನುತ್ತಾರೆ.

ಕೊನೆಗೆ ಪತ್ರಿಕೆಯವರ ಪುಸ್ತಕವನ್ನು ಬೆರಳಿನಿಂದ ತಟ್ಟುತ್ತಾರೆ.

“ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ. ಅವ್ನು ತಂದ ಹೊಟ್ಟು ಒಣಗಿತ್ತು ಅಂತ ಮಾತ್ರ ದಪ್ಪಕ್ಷರದಲ್ಲಿ ಬರೀರಿ. ಇಟ್ಟಿಗೆ ಗೂಡಿನ ಹತ್ರ ಟೀ ಅಂಗಡಿಗೆ ನಿಮ್ಮ ಪೇಪರ್ ಬರುತ್ತೆ.”