ಎತ್ತಿ ಕುಡಿಯುವ ನೀರು

ನಿಗಡಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ, ಚಿಕ್ಕಮ್ಮನೆಂಬಂತೆ ಎಲ್ಲರೂ ಕಾಕು ಅನ್ನುತ್ತಿದ್ದ ಹಿರಿಯಾಕೆಯ ಕೊರಳಲ್ಲಿ, ಕರಿಮಣಿಯ ಕೆಳಗೆ, ಅಡ್ಡಕ್ಕೆ ಗೀರಿದಂಥ ಒಂದು ಕಲೆಯಿತ್ತು. ಕೇಳಿದರೆ "ಗಂಟಾಗಿತ್ತು, ತಗಿಸೇನಿ" ಎಂದು ಮಾತು ಮುಗಿಸುತ್ತಿದ್ದರು.

ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ತರಕಾರಿಯವಳ ತಕ್ಕಡಿಯ ತಳ ಮುಟ್ಟಿ ನೋಡುವರು. ಡಾಕ್ಟರು ಎಲ್ಲ ಸರಿಯಿದೆ ಅಂದ ದಿನವಂತೂ ಅನುಮಾನ ಇನ್ನೂ ಜಾಸ್ತಿ.

ನನಗೆ ಅವರ ಮೇಲೇ ಅನುಮಾನ. ಹೋದಾಗಲೆಲ್ಲ ಬೆಲ್ಲ, ತಂಬಿಗೆ ನೀರು ಕೊಟ್ಟು "ಎತ್ತಿ ಕುಡಿ" ಅನ್ನುವರು. ಲೋಟ ಕೇಳಿದರೆ ಕೊಡರು. ಸಾಲದ್ದಕ್ಕೆ ಎದುರಿಗೇ ಕೂತು ಕಣ್ಣು ಮಿಟುಕಿಸದೆ ನೋಡುವರು. ನಾವು ಬೇರೆ ಜಾತಿಯವರು. ಎಂಜಲು ತಾಗೀತೆಂಬ ಮಡಿ ಇದು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಬಾಗಲಕೋಟೆಯಿಂದ ನನ್ನ ಅವ್ವ ನಮ್ಮ ಜೊತೆಗಿರಲು ಬಂದಳು. ಎಪ್ಪತ್ತರ ಹತ್ತಿರದ ಜೀವ. ಕಾಕು ಮನೆಗೆ ಹೋದಾಗ ಅವಳಿಗೂ ಅದೇ ತಂಬಿಗೆ. ಅವ್ವ ತಲೆ ಹಿಂದಕ್ಕೆ ಚಾಚಿ ಕುಡಿಯುತ್ತಿದ್ದಂತೆ ಕಾಕು ಎದ್ದು ಬಂದು ಅವಳ ಗಂಟಲಿಗೆ ಬೆರಳು ಹಚ್ಚಿದರು.

"ತಡೀರಿ. ಇನ್ನೊಮ್ಮೆ ನುಂಗ್ರಿ." ನನ್ನತ್ತ ತಿರುಗಿದರು. "ನುಂಗಿದಾಗ ಇಲ್ಲಿ ಗಂಟು ಮ್ಯಾಲ ಏರತದ, ನೋಡು. ನಂದೂ ಹಿಂಗ ಇತ್ತು. ಮಂದಿ ಮುಂದ ಬರೇ ಗಂಟು ಅಂತೀನಿ. ಖರೇ ಅಂದ್ರ ಥೈರಾಯ್ಡ್ ಕ್ಯಾನ್ಸರ್."

"ಅದಕ್ಕ ಎತ್ತಿ ಕುಡಿಸಿ ಬಂದವರ ಗಂಟಲೆಲ್ಲಾ ನೋಡತೀರೇನ್ರಿ?" ಅಂದೆ.

"ನಂದು ಯಾರೂ ನೋಡಲಿಲ್ಲ."

ಮಡಿಯೆಂದು ಬೈದುಕೊಂಡ ಬಾಯಿ ನನ್ನದು. ಅವ್ವನ ಗಂಟಲಿಗೆ ನಾನೂ ಬೆರಳು ಹಚ್ಚಿ ನೋಡಿದೆ.

ಶಿವಾಜಿನಗರದ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿಸಿ ಅದೇ ರೋಗ ಅಂದರು. ಎಳೆಯರಿಗಿಂತ ವಯಸ್ಸಾದವರಿಗೆ ಇದರ ಕಾಟ ಹೆಚ್ಚು ಎಂದೂ ಹೇಳಿದರು. ಸುದ್ದಿ ಕೇಳಿ ಊರಿಂದ ಬಂದ ನನ್ನ ಅಣ್ಣ ಹಿಂಜರಿದ. "ಈ ವಯಸ್ಸಿನ್ಯಾಗ ಯಾಕ ಕೊಯ್ಸೂದು?"

ಕಾಕು ಸೆರಗು ಸರಿಸಿ ಕಲೆ ತೋರಿಸಿದರು. "ನಂಗೂ ಅರವತ್ತು ದಾಟಿತ್ತು. ಆವಾಗೂ ಮಂದಿ ಹಿಂಗ ಅಂದಿದ್ರು. ಎಷ್ಟು ವರ್ಷ ಆತು, ನಿನ್ನ ಮುಂದ ಕೂತೀನಿಲ್ಲ?"

ಅಣ್ಣ ಒಪ್ಪಿದ. ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಪ್ರತಿ ವರ್ಷದ ತಪಾಸಣೆಗೂ ಕಾಕು ಅವ್ವನ ಜೊತೆ ಹೋಗಿ, "ಹೋಗೇದ ಅಂತೀರಿ, ಎಲ್ಲಿ ಹೋಗೇದ?" ಎಂದು ಡಾಕ್ಟರ ಜೀವ ತಿನ್ನುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಕೊನೆಗೆ ಕಾಕು ಹೋದದ್ದು ಹೃದಯದ ಕಾಯಿಲೆಯಿಂದ. ಕೊರಳು ಅವರಿಗೆ ಮತ್ತೆ ತೊಂದರೆ ಕೊಡಲೇ ಇಲ್ಲ. ಆ ದಿನ ಅವರ ಮನೆಯಿಂದ ಮರಳಿ, ಸ್ನಾನ ಮುಗಿಸಿ, ಅವ್ವ ನೀರು ಕೇಳಿದಳು. ತಂಬಿಗೆ ಕೊಟ್ಟು ಎದುರಿಗೇ ಕೂತೆ.

"ಹಂಗ್ಯಾಕ ನೋಡ್ತೀ?" ಅಂದಳು.

"ಎತ್ತಿ ಕುಡಿ," ಅಂದೆ.